ಸ್ವಂತ ಹಾಡು ಕಟ್ಟಿ ಹಾಡಬೇಕು ಅನ್ನುವವರಿಗೆ: ಪೇಟಿಯೋ ಗಿಟಾರೋ, ಫೋನೋ ಸ್ಟುಡಿಯೋನೋ?

ಮೂರು ತಿಂಗಳ ಹಿಂದೆ ನಮ್ಮ ಕಾಕಾನ ಮಗಳು ಯಾದಗಿರಿಯಿಂದ ಫೋನ್ ಮಾಡಿದಳು. "ಅಕ್ಕಾ, ನನ್ನವು ಮೂರು ಹಾಡು ಅವ. ಕೈಯಾಗ ಎಂಟು ಸಾವಿರ ಅದ. ಗಿಟಾರ್ ತಗೊಳ್ಳಲೇನು, ಮೈಕ್ ತಗೊಳ್ಳಲೇನು?" ಅಂದಳು. ಆವತ್ತು ಒಂದು ತಾಸು ಮಾತಾಡಿದೆವು. ಮರುದಿನ ಮತ್ತೆ ಒಂದು ತಾಸು. ಇದೇ ಪ್ರಶ್ನೆ ಹೊತ್ತ ಹುಡುಗ ಹುಡುಗಿಯರು ಕಲಬುರಗಿಯಲ್ಲೂ ಬೀದರ್‌ನಲ್ಲೂ ನನಗೆ ಸಿಗುತ್ತಲೇ ಇರುತ್ತಾರೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೇನೆ.

ನಾನು ಶಹಾಪುರ ಕಡೆಯವಳು. ನಮ್ಮ ಆಯಿ (ಅಜ್ಜಿ) ಬೀಸುವಾಗ ಹಾಡುತ್ತಿದ್ದ ಪದ ಕೇಳಿಕೊಂಡು ಬೆಳೆದೆ. ಈಗ ಕಲಬುರಗಿಯಲ್ಲಿದ್ದೇನೆ. ಹಾಡು ಬರೆಯುತ್ತೇನೆ, ಕರೆದ ಕಡೆ ಹೋಗಿ ಹಾಡುತ್ತೇನೆ. ಯಾವ ಆಯ್ಕೆ ಎದುರು ಬಂದರೂ ನಾನು ಕೇಳಿಕೊಳ್ಳುವುದು ಎರಡೇ ಮಾತು. ಇದರಿಂದ ಮುಂದಿನ ಆರು ತಿಂಗಳಲ್ಲಿ ನನ್ನ ಎಷ್ಟು ಹಾಡು ಮುಗಿಯುತ್ತವೆ? ಎಷ್ಟು ಸಲ ಮಂದಿ ಎದುರು ಹಾಡುತ್ತೇನೆ? ಕೆಳಗಿನ ಹೋಲಿಕೆಗಳನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಕಲಿಯುವುದು ಎಲ್ಲಿ: ಗುರು, ಫೋನ್, ಭಜನೆ

ಗುರುಗಳ ಹತ್ತಿರ ಹೋದರೆ ನಮ್ಮ ಕಡೆ ಬಹುತೇಕ ಹಿಂದೂಸ್ತಾನಿ ಕಲಿಯುತ್ತೀರಿ. ಈ ಭಾಗದ ಎಷ್ಟೋ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಾಠ ಹೇಳಿಸಿಕೊಂಡವರು. ಮೊದಲ ಕೆಲವು ತಿಂಗಳು ಸಾ ಹಿಡಿಯುವುದು, ಖರ್ಜದ (ಕೆಳಗಿನ ಸ್ವರಗಳ) ಅಭ್ಯಾಸ, ಸ್ವರ ಜೋಡಣೆಯ ಅಲಂಕಾರ, ಭೂಪಾಲಿಯಂಥ ಸಣ್ಣ ರಾಗ. ಬೇಜಾರಾಗಬಹುದು. ಆದರೆ ಸ್ವರ ಎಲ್ಲಿ ಜಾರುತ್ತಿದೆ ಅಂತ ಎದುರು ಕೂತು ಹೇಳುವವರು ಗುರು ಮಾತ್ರ. ನಿಮ್ಮ ಧ್ವನಿಗೆ ಯಾವ ಪಟ್ಟಿ, ಅಂದರೆ ಸಾ ಹಿಡಿಯುವ ಶ್ರುತಿ, ಸರಿ ಅಂತಲೂ ಅವರೇ ಹುಡುಕಿಕೊಡುತ್ತಾರೆ. ಗುರು ಕಲಿಸದೇ ಇರುವುದು ಹಾಡು ಕಟ್ಟುವುದನ್ನು. ಬಂದಿಶ್ (ರಾಗದಲ್ಲಿ ಕಟ್ಟಿದ ಹಳೆಯ ರಚನೆ) ಹಾಡಲು ಕಲಿಸುತ್ತಾರೆ, ಬರೆಯುವುದು ನಿಮಗೇ ಬಿಟ್ಟದ್ದು.

ಪರೀಕ್ಷೆ ಕಟ್ಟಬೇಕಾ? ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಪ್ರಾರಂಭಿಕದಿಂದ ಶುರುವಾಗಿ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ ಅಂತ ಮೇಲೆ ಹೋಗುತ್ತವೆ. ನಮ್ಮ ರಾಜ್ಯದ್ದು ಜೂನಿಯರ್, ಸೀನಿಯರ್, ವಿದ್ವತ್. ಮುಂದೆ ಸಂಗೀತ ಕಲಿಸುವ ಕೆಲಸ ಬೇಕು ಅಂದರೆ ಕಟ್ಟಿ. ಬರೀ ಹಾಡು ಬರೆದು ಹಾಡುವುದಕ್ಕೆ ಅದು ಬೇಕಿಲ್ಲ.

ಫೋನ್ ಪಾಠ ಪುಕ್ಕಟೆ. ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು), ರೆಕಾರ್ಡಿಂಗ್ ಸಾಫ್ಟ್‌ವೇರ್, ಇವನ್ನು ನಾನೂ ಹಾಗೇ ಕಲಿತೆ. ಆದರೆ ನೀವು ತಪ್ಪಿದ್ದು ಫೋನಿಗೆ ಗೊತ್ತಾಗುವುದಿಲ್ಲ. ಅಷ್ಟೇ ಅದರ ಕೊರತೆ.

ಮೂರನೆಯದು ಭಜನೆ. ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅದೇ ಬೇಸರ. ನಮ್ಮೂರುಗಳಲ್ಲಿ ಅಮಾವಾಸ್ಯೆಗೆ, ಸೋಮವಾರಕ್ಕೆ ಮಠದಲ್ಲೋ ಗುಡಿಯಲ್ಲೋ ಮಂದಿ ಕೂಡುತ್ತಾರೆ. ಒಂದು ಪೇಟಿ, ಒಂದು ತಬಲಾ ಅಥವಾ ದಮ್ಮಡಿ, ನಾಲ್ಕು ಜೋಡಿ ತಾಳ. ಒಬ್ಬರು ಸಾಲು ಹಾಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಹಾಡು ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಶಾಲೆ ಇಲ್ಲ ಅನ್ನುತ್ತೇನೆ. ನಿಮ್ಮ ಸಾಲನ್ನು ಮಂದಿ ಮೊದಲ ಸಲಕ್ಕೇ ತಿರುಗಿ ಹಾಡಿದರು ಅಂದರೆ ಅದು ಸರಿಯಾಗಿ ಕೂತಿದೆ. ಎಲ್ಲರೂ ಒಂದೇ ಜಾಗದಲ್ಲಿ ಎಡವಿದರೆ ತಪ್ಪು ಆ ಜಾಗದಲ್ಲಿದೆ. ನನ್ನ ಒಂದು ಹಾಡಿನ ಮೂರನೇ ಸಾಲು ಹೀಗೆ ನಾಲ್ಕು ಸಲ ಬದಲಾಯಿತು. ಯಾರೂ ಹೀಗೆ ಬದಲಿಸು ಅಂತ ಬಾಯಿಬಿಟ್ಟು ಹೇಳಲಿಲ್ಲ. ಅವರು ಎಡವಿದ್ದನ್ನು ಕೇಳಿಸಿಕೊಂಡೆ.

ಈ ನೆಲದಲ್ಲಿ ಹಾಡು ಹುಟ್ಟಿದ್ದೇ ಹೀಗೆ ಅಲ್ವಾ? ಕಡಕೋಳ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳು ಇವತ್ತಿಗೂ ಭಜನೆಯಲ್ಲಿ ಬಾಯಿಂದ ಬಾಯಿಗೆ ಬರುತ್ತಿವೆ. ಮೊಹರಂನಲ್ಲಿ ಅಲಾಯಿ (ಬೆಂಕಿ ಕುಣಿ) ಮುಂದೆ ಹಾಡುವ ರಿವಾಯತ್ ಪದಗಳೂ ಹಾಗೇ. ಎರಡು ತಂಡ ಸವಾಲು ಜವಾಬು ಹಾಕಿ ಹಾಡುವಾಗ ಪದ ಗಟ್ಟಿ ಇಲ್ಲದಿದ್ದರೆ ನಿಲ್ಲುವುದೇ ಇಲ್ಲ. ಇನ್ನು ಶ್ರಾವಣದಲ್ಲಿ ಊರೂರಲ್ಲಿ ಪುರಾಣ ನಡೆಯುತ್ತದೆ. ಪುರಾಣ ಹೇಳುವವರ ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಜಿ ಇರಲೇಬೇಕು. ತಿಂಗಳಿಡೀ ದಿನಾ ರಾತ್ರಿ ಮಂದಿ ಎದುರು ಹಾಡುವ ಅವಕಾಶ ದೊಡ್ಡ ನಗರದಲ್ಲಿ ಹೊಸಬರಿಗೆ ಎಲ್ಲಿ ಸಿಗುತ್ತದೆ?

ಹೆಣ್ಣುಮಕ್ಕಳಿಗೆ ರಾತ್ರಿ ಭಜನೆ ಕಷ್ಟ. ಅದು ನನಗೂ ಗೊತ್ತು. ಬಹಳ ಊರಲ್ಲಿ ಅಕ್ಕನ ಬಳಗ, ಮಹಿಳಾ ಭಜನಾ ಮಂಡಳಿ ಹಗಲು ಹೊತ್ತಿನಲ್ಲೇ ಕೂಡುತ್ತವೆ. ಅಲ್ಲಿಂದ ಶುರು ಮಾಡಿ. ಮದುವೆ, ಕುಬಸದ (ಸೀಮಂತದ) ಸೋಬಾನೆ ಪದಗಳನ್ನೂ ಬಿಡಬೇಡಿ.

ನನ್ನ ಸಲಹೆ ಇದು. ತಂಬೂರಿ ಆಪ್ ಹಚ್ಚಿ ಒಂದು ನಿಮಿಷ ಸಾ ಹಾಡಿ, ರೆಕಾರ್ಡ್ ಮಾಡಿ ಕೇಳಿ. ಸ್ವರ ಅಲುಗಾಡುತ್ತಿದ್ದರೆ ಮೊದಲು ಗುರು. ನಿಂತಿದ್ದರೆ ಮೊದಲು ಭಜನೆ. ಎರಡೂ ಆದರೆ ಇನ್ನೂ ಚೆಂದ.

ವಾದ್ಯ ಯಾವುದು

ಪೇಟಿ ಅಂದರೆ ಹಾರ್ಮೋನಿಯಂ. ಮನೆ (ಕೀಲಿ) ಒತ್ತಿದರೆ ಸ್ವರ ಬರುತ್ತದೆ, ಶ್ರುತಿ ಮಾಡುವ ಕಷ್ಟ ಇಲ್ಲ. ರಾಗ ಹುಡುಕುವುದಕ್ಕೆ ಬಹಳ ಸುಲಭ. ಗಂಡಸರು ಸಾಮಾನ್ಯವಾಗಿ ಕಪ್ಪು ಮನೆ ಒಂದು, ಎರಡರಲ್ಲಿ ಸಾ ಹಿಡಿದು ಹಾಡುತ್ತಾರೆ, ಹೆಂಗಸರು ಕಪ್ಪು ನಾಲ್ಕು, ಐದರ ಹತ್ತಿರ. ತಬಲಜಿ ಮೊದಲು ಕೇಳುವ ಪ್ರಶ್ನೆಯೇ ಇದು, ಹಾಗಾಗಿ ನಿಮ್ಮ ಪಟ್ಟಿ ಗೊತ್ತಿರಲಿ. ಪೇಟಿಗೆ ಒಂದು ಮಿತಿ ಇದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ. ಇದನ್ನೂ ಒಂದು ಕಾರಣ ಮಾಡಿ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಪೇಟಿಯನ್ನೇ ನಂಬಿ ಹಾಡಿದರೆ ಧ್ವನಿಯೂ ಮೆಟ್ಟಿಲು ಮೆಟ್ಟಿಲಾಗುತ್ತದೆ. ಆದ್ದರಿಂದ ಪೇಟಿಯಲ್ಲಿ ಹುಡುಕಿ, ತಂಬೂರಿಯಲ್ಲಿ ಹಾಡಿ.

ಗಿಟಾರ್ ಹೆಗಲಿಗೆ ಹಾಕಿಕೊಂಡು ಎಲ್ಲಿಗೂ ಹೋಗಬಹುದು. ಕಾಲೇಜು ವೇದಿಕೆಗೆ ಒಪ್ಪುತ್ತದೆ. ಕುತ್ತಿಗೆಗೆ ಕೇಪೋ ಅನ್ನುವ ಹಿಡಿಕೆ ಹಾಕಿದರೆ ನಿಮ್ಮ ಪಟ್ಟಿಗೆ ಬರುತ್ತದೆ. ಆದರೆ ಮೂರು ನಾಲ್ಕು ಕಾರ್ಡ್ ಕಲಿತವರ ಹಾಡುಗಳೆಲ್ಲ ಒಂದೇ ದಾರಿಯಲ್ಲಿ ಹೋಗುತ್ತವೆ. ಭೈರವಿಯಂಥ ರಾಗ ಕೇಳಿ ಬೆಳೆದ ಕಿವಿಗೆ ಆ ದಾರಿ ಇಕ್ಕಟ್ಟು. ಇನ್ನೊಂದು ಮಾತು. ನಮ್ಮ ಮೇ ತಿಂಗಳ ಬಿಸಿಲಿಗೆ ತಗಡಿನ ಮನೆಯಲ್ಲಿ ಗಿಟಾರ್ ಇಟ್ಟರೆ ಕುತ್ತಿಗೆ ಬಾಗುತ್ತದೆ, ಅಂಟು ಬಿಡುತ್ತದೆ. ಚೀಲದಲ್ಲಿ ಹಾಕಿ ತಂಪು ಮೂಲೆಯಲ್ಲಿಡಿ.

ಕೀಬೋರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಹಾಡುವ ಆಸೆ ಇದ್ದವರಿಗೆ ಸರಿ.

ಏಕತಾರಿಯನ್ನು ಮರೆಯಬೇಡಿ. ಒಂದೇ ತಂತಿ. ಶ್ರುತಿಯೂ ಅದೇ, ಲಯವೂ ಅದೇ. ಬೆಲೆ ಕಡಿಮೆ. ನುಡಿಸಲು ಪಾಠ ಬೇಡ. ಅದರ ಜೊತೆ ಹಾಡಿದಾಗ ಮಾತು ಬೆತ್ತಲೆ ನಿಲ್ಲುತ್ತದೆ, ಸುಮ್ನೆ ತುಂಬಿಸಿದ ಪದ ಯಾವುದು ಅಂತ ಕೂಡಲೇ ಗೊತ್ತಾಗುತ್ತದೆ. ಒಂದೇ ವಾದ್ಯ ಆರಿಸು ಅಂದರೆ ನಾನು ಹಳೆಯ ಪೇಟಿ ಆರಿಸುತ್ತೇನೆ. ಹಣ ಅಷ್ಟೂ ಇಲ್ಲ ಅಂದರೆ ಏಕತಾರಿ.

ಯಾವ ಕನ್ನಡದಲ್ಲಿ ಬರೆಯುವುದು

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ. ಹೊಸದಾಗಿ ಬರೆಯುವವರು ಪೆನ್ನು ಹಿಡಿದ ಕೂಡಲೇ ಪುಸ್ತಕದ ಕನ್ನಡಕ್ಕೆ ಹೋಗುತ್ತಾರೆ. ಮನೆಯಲ್ಲಿ "ಹೊರಗ ಬಿಸಲ ಅದ" ಅನ್ನುವ ಹುಡುಗಿ ಹಾಡಿನಲ್ಲಿ "ಹೊರಗೆ ಬಿಸಿಲಿದೆ" ಅನ್ನುತ್ತಾಳೆ. ಎರಡೂ ತಪ್ಪಲ್ಲ. ಹಾಡಿ ನೋಡಿದರೆ ಮಾತ್ರ ವ್ಯತ್ಯಾಸ ಕೇಳುತ್ತದೆ.

ಒಂದು ಸಾಲು ಕಟ್ಟಿ ನೋಡೋಣ. "ಬಿಸಲ ಅದ ಹೊರಗ, ಮಳಿ ಅದ ಒಳಗ." ಮಾತ್ರೆ ಎಣಿಸಿ. ಮೊದಲ ಅರ್ಧ ಮೂರು, ಎರಡು, ಮೂರು: ಒಟ್ಟು 8. ಎರಡನೇ ಅರ್ಧ ಎರಡು, ಎರಡು, ಮೂರು: ಒಟ್ಟು 7, ಉಸಿರಿಗೆ ಒಂದು ಮಾತ್ರೆ ಬಿಡುವು. ಕೆಹರವಾ ತಾಳದ 8 ಮಾತ್ರೆಗೆ ಸರಿಯಾಗಿ ಕೂತಿತು. ಈಗ ಪುಸ್ತಕದ ರೂಪ: "ಹೊರಗೆ ಬಿಸಿಲಿದೆ, ಒಳಗೆ ಮಳೆಯಿದೆ." ಇದು 7, 7, ಎರಡೂ ಕಡೆ ಒಂದು ಮಾತ್ರೆ ಬಿಡುವು. ತಾಳಕ್ಕೆ ಇದೂ ಸರಿ.  ಆದರೆ ಕೊನೆಯ ಅಕ್ಷರ ನೋಡಿ. "ಹೊರಗ", "ಒಳಗ" ಅಂದಾಗ ಬಾಯಿ ತೆರೆದು ನಿಲ್ಲುತ್ತದೆ, ಎಷ್ಟು ಬೇಕಾದರೂ ಎಳೆಯಬಹುದು. "ಇದೆ" ಅಂದಾಗ ಬಾಯಿ ಅರ್ಧ ಮುಚ್ಚುತ್ತದೆ. ನಮ್ಮ ಆಡುಮಾತಿನಲ್ಲಿ ಹೀಗೆ ಅಕಾರದಲ್ಲಿ ಮುಗಿಯುವ ಪದ ಬಹಳ ಇವೆ. ಹಾಡುವವರಿಗೆ ಅದು ದೊಡ್ಡ ಆಸ್ತಿ.

ಹಾಗಂತ ಪುಸ್ತಕದ ಕನ್ನಡ ಬೇಡ ಅನ್ನುತ್ತಿಲ್ಲ. ಮೈಸೂರು, ಮಂಗಳೂರು ಕಡೆಯವರಿಗೂ ಕೂಡಲೇ ತಿಳಿಯಬೇಕು ಅಂದರೆ ಅದು ಅನುಕೂಲ. ಭಾವಗೀತೆಗೆ ಒಪ್ಪುತ್ತದೆ. ಎರಡನ್ನೂ ಒಂದೇ ಹಾಡಿನಲ್ಲಿ ಕಲಸುವುದು ಮಾತ್ರ ಬೇಡ. ಒಂದು ಸಾಲಿನಲ್ಲಿ "ಅದ", ಮುಂದಿನ ಸಾಲಿನಲ್ಲಿ "ಇದೆ" ಬಂದರೆ ಕೇಳುವವರಿಗೆ ಹಾಡುವವರು ಯಾರು ಅಂತಲೇ ತಿಳಿಯುವುದಿಲ್ಲ.

ಮಾತು ಮೊದಲೋ ರಾಗ ಮೊದಲೋ? ಸಿನಿಮಾದಲ್ಲಿ ಬಹಳ ಸಲ ರಾಗ ಮೊದಲು ಬರುತ್ತದೆ, ಆಮೇಲೆ ಅದರ ಅಳತೆಗೆ ಪದ ಹೊಂದಿಸುತ್ತಾರೆ. ಶುರು ಮಾಡುವವರಿಗೆ ನಾನು ಮಾತು ಮೊದಲು ಅನ್ನುತ್ತೇನೆ. ಕಾರಣ ಇದೆ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥ ಬದಲಾಗುತ್ತದೆ. ರಾಗದ ಆಸೆಗೆ "ಮನ" ಅನ್ನುವುದರ ಮೊದಲ ಅಕ್ಷರ ಎಳೆದರೆ "ಮಾನ" ಆಗುತ್ತದೆ. "ಬರಿ" ಎಳೆದರೆ "ಬಾರಿ". ಎಳೆಯಲೇಬೇಕು ಅಂದರೆ ಪದದ ಕೊನೆಯಲ್ಲಿ ಎಳೆಯಿರಿ, ಇಲ್ಲವೇ ಆ ಜಾಗಕ್ಕೆ ದೀರ್ಘ ಇರುವ ಪದ ತನ್ನಿ. ಬರೆದ ಸಾಲನ್ನು ಮೊದಲು ಸುಮ್ನೆ ಚಪ್ಪಾಳೆ ತಟ್ಟಿ ಓದಿ. ಕೆಹರವಾಕ್ಕೆ ಬಾರದಿದ್ದರೆ ದಾದರಾದ 6 ಮಾತ್ರೆಗೆ ಓದಿ, ರೂಪಕದ 7ಕ್ಕೆ ಓದಿ. ಯಾವುದಕ್ಕಾದರೂ ಅದು ತಾನಾಗಿ ಹೋಗಿ ಕೂಡುತ್ತದೆ. ಆಮೇಲೆ ಪೇಟಿ ತೆಗೆಯಿರಿ.

ರೆಕಾರ್ಡಿಂಗ್: ಫೋನ್, ಮನೆ, ಸ್ಟುಡಿಯೋ

ಮೊದಲ ಹತ್ತು ಹಾಡಿಗೆ ಫೋನ್ ಸಾಕು. ಆದರೆ ಕೋಣೆ ಸರಿ ಇರಬೇಕು. ನಮ್ಮ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು, ಗೋಡೆ ಬೋಳು. ಧ್ವನಿ ಬಡಿದು ತಿರುಗಿ ಬರುತ್ತದೆ. ಅದಕ್ಕೆ ಔಷಧ ಕೌದಿ, ಹಳೆ ಬಟ್ಟೆ ಹೊಲಿದ ದಪ್ಪ ಹೊದಿಕೆ. ಎರಡು ಕೌದಿ ಹಿಂದೆ ಹಗ್ಗಕ್ಕೆ ಹಾಕಿ, ಒಂದು ನೆಲಕ್ಕೆ ಹಾಸಿ. ಇನ್ನೂ ಒಳ್ಳೆಯ ಜಾಗ ಬೇಕಾದರೆ ತೊಗರಿ ಚೀಲ ಒಟ್ಟಿದ ಕೋಣೆಗೆ ಹೋಗಿ. ನನ್ನ ಎರಡು ಹಾಡು ಅಂಥ ಕೋಣೆಯಲ್ಲೇ ರೆಕಾರ್ಡ್ ಆದವು. ಫ್ಯಾನ್ ಬಂದ್ ಮಾಡಲೇಬೇಕು, ಹಾಗಾಗಿ ಬೇಸಿಗೆಯಲ್ಲಿ ನಸುಕಿನ ಐದು ಗಂಟೆ ಸರಿಯಾದ ಹೊತ್ತು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ತಂಬೂರಿ ಕಿವಿಯ ಇಯರ್‌ಫೋನ್‌ನಲ್ಲಿ ಮಾತ್ರ ಕೇಳಲಿ.

ಮನೆಯಲ್ಲೇ ಸಾಮಾನು ಹೂಡಬೇಕು ಅನಿಸಿದರೆ ಮೈಕ್ ಆರಿಸುವಾಗ ಎಚ್ಚರ. ಕಂಡೆನ್ಸರ್ ಮೈಕ್ ಸಣ್ಣ ಉಸಿರನ್ನೂ ಹಿಡಿಯುತ್ತದೆ, ಜೊತೆಗೆ ಓಣಿಯ ಆಟೋ, ಪಕ್ಕದ ಮನೆಯ ಮಿಕ್ಸರ್‌ ಸದ್ದನ್ನೂ ಹಿಡಿಯುತ್ತದೆ. ಡೈನಾಮಿಕ್ ಮೈಕ್ ಹತ್ತಿರದ ಧ್ವನಿಯನ್ನೇ ಜಾಸ್ತಿ ಕೇಳಿಸಿಕೊಳ್ಳುತ್ತದೆ. ಓಣಿಯ ಮನೆಗೆ ಡೈನಾಮಿಕ್ ಮೇಲು, ನಾಳೆ ವೇದಿಕೆಗೂ ಅದೇ ಬರುತ್ತದೆ. ಸ್ಟುಡಿಯೋ ಮಾದರಿಯ ಕಂಡೆನ್ಸರ್‌ಗೆ 48 ವೋಲ್ಟ್ ಕೊಡುವ ಆಡಿಯೋ ಇಂಟರ್‌ಫೇಸ್ ಬೇಕು. ಯುಎಸ್‌ಬಿ ಮೈಕ್‌ಗೆ ಅದು ಬೇಡ. ಆಡಾಸಿಟಿ, ಬ್ಯಾಂಡ್‌ಲ್ಯಾಬ್ ಪುಕ್ಕಟೆ ಸಿಗುತ್ತವೆ, ಶುರುವಿಗೆ ಸಾಕು.

ಸ್ಟುಡಿಯೋಗೆ ಹೋಗುವುದು ಹಾಡು ಹತ್ತಾರು ಸಲ ಮಂದಿ ಎದುರು ಹಾಡಿ ಪಳಗಿದ ಮೇಲೆ. ಅಲ್ಲಿ ಗಂಟೆ ಲೆಕ್ಕ. ಪಟ್ಟಿ ಯಾವುದು, ವೇಗ ಎಷ್ಟು, ಚರಣ ಎಷ್ಟು ಎಲ್ಲ ಬರೆದುಕೊಂಡು ಹೋಗಿ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಕಲಬುರಗಿ ಯಾದಗಿರಿಯವರು ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹತ್ತಿ ಬೆಂಗಳೂರಿಗೆ ಹೋಗಬಹುದು. ಹೈದರಾಬಾದ್‌ನಲ್ಲಿ ಮಾಡಿಸಿದರೆ ಕನ್ನಡ ಚೆನ್ನಾಗಿ ಬರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಲ ಮತ್ತು ಳ ಅದಲು ಬದಲಾದದ್ದು ಕನ್ನಡ ಬಾರದ ಎಂಜಿನಿಯರ್ ಕಿವಿಗೆ ಬೀಳುವುದಿಲ್ಲ. ಕೊನೆಗೆ ಬರುವಾಗ ಬರೀ ಎಂಪಿ3 ಅಲ್ಲ, ವೇವ್ ಫೈಲ್ ಮತ್ತು ಬೇರೆ ಬೇರೆ ಟ್ರ್ಯಾಕ್ ಕೂಡ ಕೇಳಿ ಪಡೆಯಿರಿ.

ಹೊರಗೆ ಬಿಡುವುದು

ಯೂಟ್ಯೂಬ್‌ಗೆ ಯಾರ ಅನುಮತಿಯೂ ಬೇಡ, ನೀವೇ ಹಾಕಬಹುದು. ಜಾಹೀರಾತಿನ ಹಣ ಬರಬೇಕಾದರೆ 1000 ಚಂದಾದಾರರು ಮತ್ತು 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಸ್ಪಾಟಿಫೈ, ಜಿಯೋಸಾವನ್ ಮುಂತಾದವಕ್ಕೆ ನೇರವಾಗಿ ಹಾಕಲು ಬರುವುದಿಲ್ಲ, ನಡುವೆ ಒಬ್ಬ ವಿತರಕ ಬೇಕು. ಕೆಲವರು ವರ್ಷಕ್ಕೆ ಇಷ್ಟು ಅಂತ ಹಣ ತೆಗೆದುಕೊಳ್ಳುತ್ತಾರೆ, ಕೆಲವರು ಬಂದದ್ದರಲ್ಲಿ ಪಾಲು. ವರ್ಷಕ್ಕೆ ಎರಡು ಮೂರು ಹಾಡು ಬಿಡುವವರಿಗೆ ಪಾಲಿನ ಲೆಕ್ಕವೇ ಹಗುರ. ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವೇ ಬರುವುದಿಲ್ಲ. ಈ ನಿಯಮ 2024ರಿಂದ ಇದೆ. ಹಾಗಾಗಿ ಮೊದಲು ಯೂಟ್ಯೂಬ್, ಊರಿನವರು ಕೇಳುವುದೂ ಅಲ್ಲೇ.

ಸಿನಿಮಾ ಹಾಡು ಹಾಡಿ ಹಾಕಿದರೆ ಬೇಗ ಮಂದಿ ಬರುತ್ತಾರೆ. ಆದರೆ ಕಂಪನಿಯ ಹಕ್ಕಿನ ಕ್ಲೇಮ್ ಬಿದ್ದರೆ ಹಣ ಅವರಿಗೆ ಹೋಗುತ್ತದೆ, ಬಂದ ಮಂದಿ ಮತ್ತೆ ಸಿನಿಮಾ ಹಾಡನ್ನೇ ಕೇಳುತ್ತಾರೆ. ಅದಕ್ಕಿಂತ ಒಂದು ಹಳೆಯ ತತ್ವಪದ, ಒಂದು ಸ್ವಂತ ಹಾಡು ಅಂತ ಹಾಕಿ. ಹಳೆಯ ಪದಕ್ಕೆ ಹಕ್ಕಿನ ತಕರಾರಿಲ್ಲ. ಯಾರಾದರೂ ಈಚೆಗೆ ಹಾಕಿದ ಹೊಸ ಧಾಟಿ ಮಾತ್ರ ನಕಲು ಮಾಡಬೇಡಿ.

ಕಲಬುರಗಿಯಲ್ಲಿ ಆಕಾಶವಾಣಿ ಇದೆ. ಸುಗಮ ಸಂಗೀತಕ್ಕೂ ಜಾನಪದಕ್ಕೂ ಧ್ವನಿ ಪರೀಕ್ಷೆ ಇರುತ್ತದೆ, ಪಾಸಾದವರಿಗೆ ಬಿ, ಬಿ ಹೈ, ಎ, ಟಾಪ್ ಅಂತ ದರ್ಜೆ. ಹಣ ದೊಡ್ಡದಲ್ಲ. ಆದರೆ ಆ ಪರೀಕ್ಷೆಗೆ ತಯಾರಾಗುವ ನೆಪದಲ್ಲಿ ನಿಮ್ಮ ಸ್ವರ, ಲಯ, ಉಚ್ಚಾರ ಮೂರೂ ತಿದ್ದಿಕೊಳ್ಳುತ್ತವೆ. ಗುರುವಿನ ಹತ್ತಿರ ಎರಡು ವರ್ಷ ಆದ ಮೇಲೆ ಪ್ರಯತ್ನಿಸಿ.

ಹಾಡು ಕೊಡುವ ಮುಂಚೆ

ಇಲ್ಲಿ ನನಗೇ ಪೆಟ್ಟು ಬಿದ್ದಿದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಹಾಡನ್ನು ಒಬ್ಬರಿಗೆ ಕೊಟ್ಟೆ. ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಓದದೇ ಹಾಕಿದೆ. ಹಾಡು ಬೇರೆಯವರ ಧ್ವನಿಯಲ್ಲಿ ಬಂತು, ಬರೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಇರಲಿಲ್ಲ. ಅವ್ವ ಆ ಹಾಡನ್ನು ಯಾರದೋ ಫೋನಿನಲ್ಲಿ ಕೇಳಿ "ಇದು ನಿಂದಲ್ಲೇನವ್ವಾ?" ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಆಮೇಲೆ ಕಾನೂನು ಓದಿಕೊಂಡೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಾಡು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಬೇಕಾದರೆ ಮಾಡಿಸಬಹುದು: ಸಾಹಿತ್ಯಕ್ಕೆ 500 ರೂಪಾಯಿ, ಸಂಗೀತಕ್ಕೆ 500, ಧ್ವನಿಮುದ್ರಣಕ್ಕೆ 2000. ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ದರೆ ಐದು ವರ್ಷ ಅಂತಲೇ ಲೆಕ್ಕ. 2012ರ ತಿದ್ದುಪಡಿ ಬಂದ ಮೇಲೆ ಹಾಡು ಬರೆದವರು, ರಾಗ ಹಾಕಿದವರು ರಾಯಲ್ಟಿಯ ತಮ್ಮ ಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಆ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆ ಐಪಿಆರ್‌ಎಸ್, 1969ರಿಂದ ಇದೆ. ನಾಲ್ಕಾರು ಹಾಡು ಹೊರಗೆ ಬಂದ ಮೇಲೆ ಸದಸ್ಯರಾಗಿ.

ಹಾಗಾದರೆ ಸ್ವಂತಕ್ಕೆ ಬಿಡುವುದೋ ಕಂಪನಿಗೆ ಕೊಡುವುದೋ? ಶುರುವಿನಲ್ಲಿ ಸ್ವಂತ. ಕೊಡಲೇಬೇಕು ಅಂದರೆ ವರ್ಷ, ಪ್ರದೇಶ, ಹೆಸರು ಎಲ್ಲಿ ಬರುತ್ತದೆ, ಈ ಮೂರೂ ಪತ್ರದಲ್ಲಿ ಇರಲಿ. ನಮ್ಮ ತತ್ವಪದಕಾರರು ಪದದ ಕೊನೆಗೆ ಅಂಕಿತ ಹಾಕುತ್ತಿದ್ದರು. ಎರಡು ನೂರು ವರ್ಷ ಆದರೂ ಪದ ಯಾರದು ಅಂತ ಯಾರೂ ಕೇಳಬೇಕಿಲ್ಲ. ಈಗ ನಾನೂ ಕೊನೆಯ ಚರಣದಲ್ಲಿ ನಮ್ಮ ಆಯಿಯ ಹೆಸರು ಸೇರಿಸುತ್ತೇನೆ. ಆಯಿಯ ಹೆಸರಿಲ್ಲದೆ ನನ್ನ ಹಾಡು ಮುಗಿಯುವುದಿಲ್ಲ.

ಊರು ಬಿಡಬೇಕಾ

ಸಿನಿಮಾದಲ್ಲಿ ಹಾಡುವ ಗುರಿ ಇದ್ದರೆ ಒಂದಿನ ಬೆಂಗಳೂರಿಗೆ ಹೋಗಲೇಬೇಕು. ಬರೆದು ಹಾಡುವುದೇ ಗುರಿ ಅಂದರೆ ಮೊದಲ ಎರಡು ವರ್ಷ ಇಲ್ಲೇ ಇರಿ. ಅಲ್ಲಿ ಬಾಡಿಗೆ ಕಟ್ಟುವುದಕ್ಕೇ ದಿನ ಹೋಗುತ್ತದೆ. ಇಲ್ಲಿ ಜಾತ್ರೆ ಇದೆ, ಶ್ರಾವಣ ಇದೆ, ಕಾಲೇಜು ಯುವಜನೋತ್ಸವ ಇದೆ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಇದೆ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹೋಗಿ ನಿಮ್ಮ ಹೆಸರು, ಹಾಡಿದ ಕಾರ್ಯಕ್ರಮಗಳ ವಿವರ ಕೊಟ್ಟು ಬನ್ನಿ.

ನಮ್ಮ ಕಾಕಾನ ಮಗಳು ಗಿಟಾರೂ ತಗೊಳ್ಳಲಿಲ್ಲ, ಮೈಕೂ ತಗೊಳ್ಳಲಿಲ್ಲ. ಅವರೂರಲ್ಲಿ ಪುರಾಣಕ್ಕೆ ಬರುತ್ತಿದ್ದ ಗವಾಯಿಗಳ ಹಳೆಯ ಪೇಟಿ ಕೊಂಡಳು, ಉಳಿದ ದುಡ್ಡಿನಲ್ಲಿ ಅವರ ಹತ್ತಿರವೇ ಪಾಠಕ್ಕೆ ಹೋಗುತ್ತಿದ್ದಾಳೆ. ಹೋದ ವಾರ ನಾಲ್ಕನೇ ಹಾಡು ಕಳಿಸಿದಳು. ಕೌದಿ ಕಟ್ಟಿದ ಕೋಣೆ, ಫೋನ್ ರೆಕಾರ್ಡಿಂಗ್, ಧ್ವನಿ ಚೊಕ್ಕ ಬಂದಿದೆ. ಎರಡನೇ ಚರಣದಲ್ಲಿ ಮಾತ್ರ "ಮನ" ಹೋಗಿ "ಮಾನ" ಆಗಿತ್ತು. ತಿದ್ದಿ ಇನ್ನೊಮ್ಮೆ ಕಳಿಸು ಅಂದಿದ್ದೇನೆ.